ಬಳ್ಳಾರಿಯಿಂದ ಮುಳ್ಳಯ್ಯನಗಿರಿಗೆ: ಅಪ್ಪನಿಗೆ ಹಗರಿಯ ತವರು ತೋರಿಸಬೇಕು

ಹಗರಿ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೋಕಾ ಕಡೆಯ ಹಳ್ಳಿ, ನಾನು ಈಗ ಇರುವುದು ಬಳ್ಳಾರಿಯಲ್ಲಿ. ಅಪ್ಪನಿಗೆ ಎಪ್ಪತ್ತೊಂದು ವರ್ಷ. ಅವರ ಆಯುಷ್ಯವೆಲ್ಲ ಹಗರಿ ದಂಡೆಯ ಹೊಲದಲ್ಲೇ ಕಳೆದಿದೆ. ವರ್ಷದ ಬಹುಪಾಲು ಮರಳು, ಬಂದರೆ ಹೇಳದೆ ಕೇಳದೆ ಬರುವ ನೀರು. 2022ರಲ್ಲಿ ಹೊಳೆ ದಡ ಮೀರಿ ನಮ್ಮ ಭತ್ತವನ್ನು ಮಲಗಿಸಿ ಹೋದಾಗ ಅಪ್ಪ ಬೈಯಲಿಲ್ಲ, ಅಳಲಿಲ್ಲ. "ಇದು ಹೊರಡುವುದು ಎಲ್ಲಿಂದ?" ಎಂದಷ್ಟೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಮೊನ್ನೆ ಮಗಳ ಭೂಪಟದ ಮೇಲೆ ಬೆರಳಿಟ್ಟು ಹಿಮ್ಮುಖವಾಗಿ ಹೋದೆವು. ಬೆರಳು ಚಿಕ್ಕಮಗಳೂರಿನ ಗಿರಿಗಳಲ್ಲಿ ನಿಂತಿತು.

ಅಲ್ಲಿಗೇ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದೇನೆ. ದೀಪಾವಳಿ ರಜೆ ಇದೆ. ನಾನು, ಹೆಂಡತಿ, ಅಪ್ಪ, ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಒಂದು ಸಣ್ಣ ಕಾರು. ಯಾವ ದಾರಿ ಒಳ್ಳೆಯದು? ಒಂದೇ ದಿನದಲ್ಲಿ ಹೋಗಿ ಬರಬಹುದೇ? ಅಪ್ಪನಿಗೆ ಮಂಡಿನೋವು ಇದೆ. ಇನ್ನು ನನ್ನ ಚಾಲನೆಯ ವಿಷಯ ಮುಚ್ಚಿಡುವುದಿಲ್ಲ: ಇದುವರೆಗೆ ನಾನು ಹತ್ತಿಸಿದ ದೊಡ್ಡ ಏರು ಎಂದರೆ ರೈಲ್ವೆ ಮೇಲ್ಸೇತುವೆ.

ಸಂಡೂರು ಹಸಿರು:
ಅಣ್ಣಾ, ಬೆಟ್ಟ ನೋಡಲು ಮುನ್ನೂರು ಕಿಲೋಮೀಟರ್ ಏಕೆ? ಸಂಡೂರಿಗೆ ಬನ್ನಿ. ಕುಮಾರಸ್ವಾಮಿ ಗುಡಿ ಇದೆ, ನಾರಿಹಳ್ಳದ ಅಣೆಕಟ್ಟೆ ಇದೆ, ಮಳೆಗಾಲ ಮುಗಿಯುವಾಗ ಕಾಡು ಕಣ್ಣಿಗೆ ತಂಪು. ಗಣಿಯ ಕೆಂಪು ಧೂಳಿನ ಹೆಸರು ಕೇಳಿಯೇ ಬಳ್ಳಾರಿಯವರು ನಮ್ಮನ್ನು ಮರೆತುಬಿಟ್ಟಿದ್ದೀರಿ.

ಅಂಜನಾದ್ರಿ ಪಕ್ಕ:
ನಮ್ಮ ಕೊಪ್ಪಳ ಜಿಲ್ಲೆಯನ್ನೂ ಮರೆಯಬೇಡಿ. ಅಂಜನಾದ್ರಿಗೆ 575 ಮೆಟ್ಟಿಲು. ಮೇಲೆ ನಿಂತರೆ ತುಂಗಭದ್ರೆ, ಬಂಡೆಗಳು, ಬಾಳೆತೋಟ, ಭತ್ತದ ಗದ್ದೆ. ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್.

ಹಗರಿ ದಂಡೆ:
ಎರಡನ್ನೂ ನೋಡಿದ್ದೇವೆ, ಎರಡೂ ಚೆಂದವೇ. ಆದರೆ ಅಪ್ಪ ಕೇಳಿದ್ದು ಬೆಟ್ಟವನ್ನಲ್ಲ, ಹೊಳೆಯನ್ನು. ಹಗರಿ ಸಂಡೂರಿನಲ್ಲಿ ಹುಟ್ಟಿದ್ದರೆ ಬುತ್ತಿ ಕಟ್ಟಿಕೊಂಡು ನಾಳೆಯೇ ಬರುತ್ತಿದ್ದೆ.

ಕಡೂರಿನ ಮಗಳು:
ಈ ಪ್ರಶ್ನೆ ನನಗೆಂದೇ ಬಂದಂತಿದೆ. ತವರು ಕಡೂರು, ಗಂಡನ ಮನೆ ಬಳ್ಳಾರಿ. ಮದುವೆಯಾಗಿ ಬಂದ ಹೊಸದರಲ್ಲಿ ಮರಳಿನ ಹಗರಿಯನ್ನು ತೋರಿಸಿ "ಇದು ನಿಮ್ಮ ಊರಿನ ಹೊಳೆಯೇ" ಎಂದು ಮಾವನವರು ಹೇಳಿದಾಗ ನಗೆಯಾಡುತ್ತಿದ್ದಾರೆ ಎಂದುಕೊಂಡಿದ್ದೆ. ನಮ್ಮಲ್ಲಿ ಅದಕ್ಕೆ ವೇದಾವತಿ ಎಂದು ಹೆಸರು.

ಚಿಕ್ಕಮಗಳೂರಿನ ಗಿರಿಗಳ ಸಾಲಾದ ಚಂದ್ರದ್ರೋಣ ಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬಿಸಿಕೊಂಡು ಬರುತ್ತದೆ, ಅವತಿ ಮದಗದ ಕೆರೆಯನ್ನು. ಕಡೂರಿನ ಹತ್ತಿರ ಪುರ ಎಂಬಲ್ಲಿ ಕೂಡಿ ವೇದಾವತಿಯಾಗುತ್ತವೆ. ಅಲ್ಲಿಂದ ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಸೀಮೆ ದಾಟಿ ಆಂಧ್ರಕ್ಕೆ ಹೊಕ್ಕು ಭೈರವಾನಿತಿಪ್ಪದ ಅಣೆಕಟ್ಟೆಯಲ್ಲಿ ಒಮ್ಮೆ ನಿಂತು, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿಗೆ ಬಂದು, ಸಿರುಗುಪ್ಪದ ಬದಿಯಲ್ಲಿ ತುಂಗಭದ್ರೆಗೆ ಸೇರುತ್ತದೆ. ಅಂದರೆ ನೀವು ಹೋಗುವ ದಾರಿ ಹೆಚ್ಚುಕಡಿಮೆ ನದಿಯನ್ನೇ ಎದುರಾಗಿ ಹತ್ತಿದಂತೆ. ಹಾಗಾಗಿ ಮುಳ್ಳಯ್ಯನಗಿರಿಯ ತುದಿಗಿಂತ ಅಯ್ಯನಕೆರೆ ನಿಮ್ಮ ತಂದೆಯವರಿಗೆ ಮುಖ್ಯವಾಗಬಹುದು. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವಾಗ ಸಖರಾಯಪಟ್ಟಣದಲ್ಲಿ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಿಗುತ್ತದೆ. ಕೆರೆಯ ಹಿಂದೆ ಶಕುನಗಿರಿ ನಿಂತಿದೆ, ಏರಿಯ ಮೇಲೆ ಕೂರಲು ಮಂಡಿ ಬೇಕಾಗಿಲ್ಲ.

ಹಳೆಯ ಸ್ಟೇರಿಂಗ್:
ತಮ್ಮಾ, ನಾನು ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸುವವರೆಗೆ ಅದಿರು ಹೊತ್ತು ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದೆ. ನಿನ್ನ ಪ್ರಶ್ನೆಗಳಿಗೆ ಒಂದೊಂದಾಗಿ ಹೇಳುತ್ತೇನೆ.

ಒಂದೇ ದಿನದ ಮಾತು ಬಿಡು. ಹೋಗುವುದಕ್ಕೇ ಏಳೆಂಟು ಗಂಟೆ. ಹೋದ ದಿನವೇ ಗಿರಿ ಹತ್ತಿ ರಾತ್ರಿ ವಾಪಸ್ ಓಡಿಸಿದರೆ, ನಿದ್ದೆಗಣ್ಣಿನಲ್ಲಿ ಚಳ್ಳಕೆರೆಯ ನೇರ ರಸ್ತೆ ಘಟ್ಟಕ್ಕಿಂತ ಅಪಾಯ. ಘಟ್ಟದಲ್ಲಿ ಹೆದರಿಕೆಯೇ ಎಚ್ಚರವಾಗಿಡುತ್ತದೆ, ನೇರ ರಸ್ತೆ ಜೋಗುಳ ಹಾಡುತ್ತದೆ.

ಬೆಳಗ್ಗೆ ಐದಕ್ಕೆ ಹೊರಡು. ಹಲಕುಂದಿ ದಾಟಿದ ಮೇಲೆ ಡಿ. ಹಿರೇಹಾಳು, ಓಬಳಾಪುರದ ಕಡೆ ರಸ್ತೆ ಆಂಧ್ರದೊಳಗೆ ಹೊಕ್ಕು ರಾಂಪುರದಲ್ಲಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಆಂಧ್ರದ ಬಂಕಿನಲ್ಲಿ ಹಾಕಿಸಬೇಡ, ಅಲ್ಲಿ ದರ ಹೆಚ್ಚು. ಅಲ್ಲಿಯವರೇ ನಮ್ಮ ಕಡೆ ಬಂದು ತುಂಬಿಸಿಕೊಳ್ಳುತ್ತಾರೆ. ಬಳ್ಳಾರಿಯಲ್ಲೇ ಟ್ಯಾಂಕ್ ತುಂಬಿಸು, ಚಿಕ್ಕಮಗಳೂರಿನಲ್ಲಿ ಮತ್ತೊಮ್ಮೆ. ಗಿರಿಯ ಮೇಲೆ ಬಂಕ್ ಇಲ್ಲ.

ಈಗ ಘಟ್ಟ. ಘಟ್ಟದಲ್ಲಿ ಬ್ರೇಕನ್ನು ನಂಬಬಾರದು, ಗೇರನ್ನು ನಂಬಬೇಕು. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡು, ಚಕ್ರಕ್ಕೆ ನೀರು ಎರಚಬೇಡ. ನ್ಯೂಟ್ರಲ್‌ಗೆ ಹಾಕಿ ಇಂಧನ ಉಳಿಸುವ ಜಾಣರನ್ನು ಬಹಳ ನೋಡಿದ್ದೇನೆ, ಕೆಲವರನ್ನು ಅರಬೈಲಿನ ತಗ್ಗಿನಲ್ಲಿ. ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು, ಇದು ಕಾನೂನೂ ಹೌದು, ಮರ್ಯಾದೆಯೂ ಹೌದು. ತಿರುವಿಗೆ ಮುಂಚೆ ಹಾರ್ನ್. ಮಂಜು ಕವಿದರೆ ಹೈ ಬೀಮ್ ಹಾಕಬೇಡ, ಬೆಳಕು ಮಂಜಿಗೆ ಬಡಿದು ನಿನ್ನ ಕಣ್ಣಿಗೇ ಹೊಡೆಯುತ್ತದೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ನೋಡು. ಬಹಳ ಜನ ಅದನ್ನು ಪಂಕ್ಚರ್ ಆದ ಮೇಲೆಯೇ ನೋಡುತ್ತಾರೆ.

ಕೊನೆಯ ಮಾತು. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರಿಸದೆ ಹ್ಯಾಂಡ್ ಬ್ರೇಕ್ ಹಿಡಿದು ಎತ್ತುವುದನ್ನು ಹತ್ತು ಸಲ ಅಭ್ಯಾಸ ಮಾಡದೆ ಹೋಗಬೇಡ. ಮೇಲೆ ವಾಹನಗಳ ಸಾಲು ನಿಲ್ಲುವುದೇ ಏರಿನಲ್ಲಿ.

ಸಂಡೂರು ಹಸಿರು:
ಅಭ್ಯಾಸಕ್ಕಾದರೂ ನಮ್ಮ ಕುಮಾರಸ್ವಾಮಿ ಗುಡ್ಡದ ರಸ್ತೆಗೆ ಬನ್ನಿ! ಭಾನುವಾರ ಬೆಳಗ್ಗೆ ಲಾರಿಗಳ ಓಡಾಟ ಸ್ವಲ್ಪ ಕಡಿಮೆ.

ಹಗರಿ ದಂಡೆ:
ಬರುತ್ತೇನೆ. ಗೆದ್ದಿರಿ.

ದುರ್ಗದ ಗಾಳಿ:
ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಬಂದು ಹೊಳಲ್ಕೆರೆ, ಹೊಸದುರ್ಗದ ಮೇಲೆ ಕಡೂರು ಸೇರಿ. ಮಕ್ಕಳಿಗೆ ಕೋಟೆ ತೋರಿಸಬಹುದು.

ಕಡೂರಿನ ಮಗಳು:
ಕೋಟೆ ಹತ್ತಿಸಿದ ಮೇಲೆ ಆ ಮಂಡಿಯಲ್ಲಿ ಗಿರಿಗೆ ಏನು ಉಳಿದೀತು? ಚಳ್ಳಕೆರೆಯಿಂದ ಹಿರಿಯೂರಿಗೆ ಹೋಗಿ, ಅಲ್ಲಿಂದ ಹೊಸದುರ್ಗದ ರಸ್ತೆ ಹಿಡಿಯಿರಿ. ಆ ದಾರಿಯಲ್ಲಿ ಮಾರಿಕಣಿವೆ ಸಿಗುತ್ತದೆ. ಇದೇ ಹೊಳೆಗೆ ಎರಡು ಗುಡ್ಡಗಳ ನಡುವೆ ಮೈಸೂರು ಅರಸರ ಕಾಲದಲ್ಲಿ, 1898ರಿಂದ 1907ರವರೆಗೆ ಕಟ್ಟಿದ ಕಟ್ಟೆ. ವಾಣಿ ವಿಲಾಸ ಸಾಗರ ಎನ್ನುವುದು ಅದರ ದೊಡ್ಡ ಹೆಸರು. 130 ಅಡಿ ತುಂಬಿ ಕೋಡಿ ಬೀಳುವುದು ಅಪರೂಪ. 1933ರಲ್ಲಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಿಮ್ಮ ಭತ್ತ ಮಲಗಿದ ವರ್ಷವೇ.

ಹಗರಿ ದಂಡೆ:
ಅಕ್ಕಾ, ಈ ಕೊನೆಯ ಎರಡು ವಾಕ್ಯಗಳನ್ನು ಅಪ್ಪನಿಗೆ ಓದಿ ಹೇಳಿದೆ. ಎದ್ದು ಹೋಗಿ ಕನ್ನಡಕ ತಂದು ತಾವೇ ಇನ್ನೊಮ್ಮೆ ಓದಿದರು. ಹಿರಿಯೂರಿನ ದಾರಿಯೇ ಖಾಯಂ.

ದುರ್ಗದ ಗಾಳಿ:
ಸೋತೆ. ಆದರೆ ಒಂದು ತಿದ್ದುಪಡಿ: ಈಗ ಆ ಕಟ್ಟೆಗೆ ಬರುವುದು ಗಿರಿಯ ನೀರು ಮಾತ್ರವಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನೂ ಅಜ್ಜಂಪುರದ ಸುರಂಗದ ಮೂಲಕ ತಂದು ಬಿಡುತ್ತಿದ್ದಾರೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದುದರಲ್ಲಿ ಭದ್ರೆಯ ಪಾಲೂ ಇದೆ. ಇನ್ನು ರಾಂಪುರದ ಸುತ್ತ ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇವೆ. ಈ ಸಲ ಬೇಡ, ಅದಕ್ಕೆ ಬೇರೆಯೇ ಒಂದು ದಿನ ಇಡಿ.

ಗಿರಿ ತಿರುಗುವವ:
ಮುಖ್ಯ ಮಾತನ್ನು ಯಾರೂ ಹೇಳಿಲ್ಲ. ದೀಪಾವಳಿಗೆ ಹೋಗಲೇಬೇಡಿ! ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತಲು ರಾತ್ರಿಯಿಂದಲೇ ಸಾವಿರಾರು ಜನ ಸೇರುತ್ತಾರೆ. ರಸ್ತೆ ಅದೇ ಕಡೆಯದು. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ಇವೆರಡರ ನಡುವೆ ವಾರದ ದಿನಗಳನ್ನು ಆರಿಸಿಕೊಳ್ಳಿ. ಶನಿವಾರ, ಭಾನುವಾರ ಬೆಂಗಳೂರೇ ಎದ್ದು ಅಲ್ಲಿಗೆ ಬಂದಿರುತ್ತದೆ.

ಇನ್ನೊಂದು. ಈಗ ಗಿರಿಗೆ ಹೋಗುವ ವಾಹನಕ್ಕೆ ಮೊದಲೇ ಆನ್‌ಲೈನ್ ನೋಂದಣಿ ಆಗಿರಬೇಕು. ಬೆಳಗಿನದೊಂದು, ಮಧ್ಯಾಹ್ನದ್ದೊಂದು ಪಾಳಿ, ಪ್ರತಿ ಪಾಳಿಗೂ ಇಷ್ಟೇ ವಾಹನ ಎಂಬ ಮಿತಿ. ಕೈಮರದ ತಪಾಸಣಾ ಕೇಂದ್ರದಲ್ಲಿ ನೋಡುತ್ತಾರೆ. ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ಓದಿ, ಮಳೆಗೆ ಮಣ್ಣು ಕುಸಿದರೆ ರಸ್ತೆಯನ್ನೇ ಮುಚ್ಚುತ್ತಾರೆ. ನೋಂದಣಿಯ ಕಾಗದವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ.

ಮಂಡಿಯ ವಿಷಯ: ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಕಾರು ನಿಲ್ಲುವಲ್ಲಿಂದ ತುದಿಯ ಗುಡಿಗೆ ಸುಮಾರು 500 ಮೆಟ್ಟಿಲು. ಪಕ್ಕದ ಸೀತಾಳಯ್ಯನಗಿರಿಯ ಗುಡಿಗಾದರೆ ಹತ್ತಿರದವರೆಗೂ ಕಾರು ಹೋಗುತ್ತದೆ. ತಂದೆಯವರು ಅಲ್ಲಿ ಕೂರಲಿ, ನೀವು ಮಕ್ಕಳೊಂದಿಗೆ ಹತ್ತಿ ಬನ್ನಿ.

ರಾಯಚೂರು ಬಿಸಿಲು:
ನಾವೂ ಹೊರಡುವವರಿದ್ದೇವೆ, ಅದಕ್ಕೇ ಇದನ್ನು ಅಕ್ಷರ ಬಿಡದೆ ಓದುತ್ತಿದ್ದೇನೆ. ರಾಯಚೂರಿನಿಂದ ಸಿಂಧನೂರು, ಸಿರುಗುಪ್ಪದ ಮೇಲೆ ಬಳ್ಳಾರಿಗೆ ಬರಬೇಕು. ಅವ್ವನಿಗೆ ಅರವತ್ತೆಂಟು. ಒಂದೇ ಓಟಕ್ಕೆ ಹೋಗುವುದೋ, ಬಳ್ಳಾರಿಯಲ್ಲಿ ರಾತ್ರಿ ತಂಗುವುದೋ?

ಹಳೆಯ ಸ್ಟೇರಿಂಗ್:
ತಂಗು ತಮ್ಮಾ. ಲಾರಿಯ ನಾವೇ ತಂಗುತ್ತಿದ್ದೆವು.

ಮಂಡಕ್ಕಿ ಮಿರ್ಚಿ:
ಒಂದು ಕಹಿ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಆ ಕಡೆ ಒಂದು ಹೋಂಸ್ಟೇಗೆ ಮುಂಗಡ ಕೊಟ್ಟೆವು. ಚಿತ್ರದಲ್ಲಿ ಕಾಫಿ ತೋಟದ ನಡುವೆ ಹೆಂಚಿನ ಮನೆ. ಹೋಗಿ ನೋಡಿದರೆ ಮುಖ್ಯರಸ್ತೆಯ ಬದಿಯ ಕಟ್ಟಡದ ಎರಡನೆಯ ಮಹಡಿ, ತೋಟ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿತ್ತು. ಹಣ ವಾಪಸ್ ಬರಲಿಲ್ಲ. ಅಂದಿನಿಂದ ಮುಂಗಡ ಕೊಡುವ ಮೊದಲು ವಿಡಿಯೋ ಕರೆ ಮಾಡಿಸಿ, ಬಾಗಿಲಿನಿಂದ ಬಚ್ಚಲಿನವರೆಗೆ ನಡೆಸಿ ತೋರಿಸಲು ಹೇಳುತ್ತೇನೆ. ಬೇಸರ ಮಾಡಿಕೊಳ್ಳುವವರ ಮನೆಗೆ ಹೋಗಲೇಬೇಡಿ. ವಯಸ್ಸಾದವರಿದ್ದರೆ ಮೂರನ್ನು ಕೇಳಿ: ಕೋಣೆ ನೆಲಮಹಡಿಯಲ್ಲಿ ಇದೆಯೇ, ಶೌಚಾಲಯ ಕುರ್ಚಿಯಂಥದ್ದೇ, ಕಾರು ಬಾಗಿಲಿನವರೆಗೆ ಬರುತ್ತದೆಯೇ. ಅನೇಕ ತೋಟದ ಮನೆಗಳಿಗೆ ಕೊನೆಯ ಫರ್ಲಾಂಗು ಜೀಪೇ ಗತಿ.

ಊಟದ ವಿಷಯ ಹೇಳದೆ ಹೋದರೆ ನನ್ನ ಹೆಸರಿಗೆ ಅವಮಾನ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಳ್ಳಿ. ಮೊಸರು ಬುತ್ತಿಯನ್ನು ಮಧ್ಯಾಹ್ನದೊಳಗೆ ಮುಗಿಸಿ. ಬೆಳಗ್ಗೆ ಐದಕ್ಕೆ ಹೊರಟರೆ ವಗ್ಗರಣೆ ಮಂಡಕ್ಕಿ, ಮಿರ್ಚಿ ಸಿಗುವುದಿಲ್ಲ, ಆ ದುಃಖಕ್ಕೆ ಮದ್ದಿಲ್ಲ. ಘಟ್ಟ ಹತ್ತುವ ಮೊದಲು ಮಕ್ಕಳಿಗೆ ಎಣ್ಣೆಯ ತಿಂಡಿ ಕೊಡಬೇಡಿ. ಕಾರಿನೊಳಗೆ ಮೊಬೈಲ್ ನೋಡಲು ಬಿಡಬೇಡಿ, ಕಣ್ಣು ದೂರದ ಗುಡ್ಡದ ಮೇಲಿದ್ದರೆ ವಾಂತಿ ಕಡಿಮೆ.

ಅಂಜನಾದ್ರಿ ಪಕ್ಕ:
ಗಿರಿಯಲ್ಲಿ ಕಾಫಿ ಕುಡಿದು ಬನ್ನಿ. ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಏಳು ಬೀಜ ತಂದು ಅಲ್ಲಿ ಬಿತ್ತಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಎಲ್ಲಿಂದ ತಂದದ್ದು? ಮೋಕಾದಿಂದ!

ಹಗರಿ ದಂಡೆ:
ಅದು ಯೆಮನ್ ದೇಶದ ಬಂದರು ಮೋಕಾ, ಸ್ವಾಮಿ. ನಮ್ಮ ಮೋಕಾದಲ್ಲಿ ಮೆಣಸಿನಕಾಯಿ ಸಿಗುತ್ತದೆ. ಆದರೂ ಅಪ್ಪನಿಗೆ ಹೇಳಿದೆ. "ನೀರು ಅವರದು ಇಲ್ಲಿಗೆ, ಬೀಜ ನಮ್ಮದು ಅಲ್ಲಿಗೆ, ಲೆಕ್ಕ ಚುಕ್ತಾ" ಎಂದರು. ತಿದ್ದಲು ಮನಸ್ಸಾಗಲಿಲ್ಲ.

ಈಗ ನನ್ನ ಯೋಜನೆ. ದೀಪಾವಳಿ ಮುಗಿದು ಎರಡು ವಾರದ ಮೇಲೆ ಸೋಮವಾರ ಬೆಳಗ್ಗೆ ಐದಕ್ಕೆ ಹೊರಡುವುದು. ಭತ್ತದ ಕೊಯ್ಲಿನ ಯಂತ್ರ ಬರುವ ಮೊದಲು ಊರಿಗೆ ಮರಳಬೇಕು ಎಂಬುದು ಅಪ್ಪನ ಷರತ್ತು. ಚಳ್ಳಕೆರೆಯಲ್ಲಿ ತಿಂಡಿ, ಮಾರಿಕಣಿವೆಯಲ್ಲಿ ಬುತ್ತಿ, ಸಂಜೆಯೊಳಗೆ ಅಯ್ಯನಕೆರೆ, ರಾತ್ರಿ ಚಿಕ್ಕಮಗಳೂರು. ಮಂಗಳವಾರ ಬೆಳಗಿನ ಪಾಳಿಯಲ್ಲಿ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಮಧ್ಯಾಹ್ನ ಬಾಬಾ ಬುಡನ್‌ಗಿರಿ, ಮಾಣಿಕ್ಯಧಾರೆ, ನಂತರ ಬೇಲೂರು, ಹಳೇಬೀಡು, ಬುಧವಾರ ಬೆಳಗ್ಗೆ ವಾಪಸ್.

ಕಡೂರಿನ ಮಗಳು:
ಮಂಗಳವಾರದ ಮಧ್ಯಾಹ್ನದಿಂದ ಮುಂದಿನದನ್ನೆಲ್ಲ ಅಳಿಸಿ. ತಂದೆಯವರನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದೀರೋ, ಬಾಡಿಗೆ ಗಾಡಿಯಲ್ಲಿ ಊರು ಎಣಿಸುತ್ತಿದ್ದೀರೋ? ಬೇಲೂರಿನಲ್ಲಿ ನಿಮ್ಮ ಹೊಳೆ ಹರಿಯುವುದಿಲ್ಲ, ಅಲ್ಲಿಯದು ಯಗಚಿ.

ಹಳೆಯ ಸ್ಟೇರಿಂಗ್:
ಅಕ್ಕನವರ ಮಾತು ಸರಿ. ಒಂದು ದಿನಕ್ಕೆ ಒಂದು ಘಟ್ಟ.

ಹಗರಿ ದಂಡೆ:
ಅಳಿಸಿದೆ.

ಗಿರಿ ತಿರುಗುವವ:
ಬೆಚ್ಚನೆಯ ಬಟ್ಟೆ ಮರೆಯಬೇಡಿ. ಬಳ್ಳಾರಿಯವರು ಸ್ವೆಟರ್ ಎಂದರೆ ಮದುವೆಯ ಉಡುಗೊರೆ ಎಂದುಕೊಂಡಿರುತ್ತಾರೆ. ತುದಿಯ ಗಾಳಿಗೆ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟೀಲ್ ಬಾಟಲಿ ಒಯ್ಯಿರಿ.

ಹಗರಿ ದಂಡೆ (ಪ್ರವಾಸ ಮುಗಿಸಿ ಬಂದ ಮೇಲೆ):
ಬಂದೆವು. ಕಾರಿಗೂ ನಮಗೂ ಗೀರು ಬಿದ್ದಿಲ್ಲ. ಸಂಡೂರಿನ ಅಭ್ಯಾಸ ಕೈಹಿಡಿಯಿತು.

ಸರಿಯಾಗದ್ದನ್ನು ಮೊದಲು ಹೇಳುತ್ತೇನೆ. ಐದಕ್ಕೆ ಎಂದದ್ದು ಆರೂಕಾಲಾಯಿತು. ಕಿರಿಯವನು ಹಿರಿಯೂರಿಗೆ ಮುಂಚೆಯೇ ವಾಂತಿ ಮಾಡಿದ, ಅದೂ ನೇರ ರಸ್ತೆಯಲ್ಲಿ. ಮಂಗಳವಾರ ಬೆಳಗ್ಗೆ ಗಿರಿಯ ಮೇಲೆ ಮಂಜು ಎಷ್ಟಿತ್ತೆಂದರೆ ಮುಳ್ಳಯ್ಯನಗಿರಿಯ ತುದಿಯಿಂದ ನಮಗೆ ಕಂಡದ್ದು ಮುಳ್ಳಯ್ಯನಗಿರಿಯ ತುದಿ ಮಾತ್ರ. ಮಗಳು ಮೆಟ್ಟಿಲು ಎಣಿಸುತ್ತಾ ಹೋಗಿ ಮುನ್ನೂರರ ನಂತರ ಲೆಕ್ಕ ತಪ್ಪಿ ಅತ್ತಳು. ಒಂದು ತಿರುವಿನಲ್ಲಿ ಇಳಿಯುತ್ತಿದ್ದ ದೊಡ್ಡ ಗಾಡಿಯವನು ದಾರಿ ಬಿಡದೆ ನಮ್ಮನ್ನೇ ಹಿಂದಕ್ಕೆ ಸರಿಸಿದ. ಹ್ಯಾಂಡ್ ಬ್ರೇಕ್ ಹಿಡಿದು ಎತ್ತುವಾಗ ಕಾಲು ನಡುಗಿತು. ಕಾಕಾ, ನಿಮ್ಮನ್ನು ನೆನೆದೆ.

ಈಗ ಅಪ್ಪ. ಮಾರಿಕಣಿವೆಯ ಕಟ್ಟೆಯ ಬಳಿ ಬಹಳ ಹೊತ್ತು ನಿಂತರು. ಹಿನ್ನೀರು ಗುಡ್ಡಗಳ ನಡುವೆ ಕಣ್ಣು ಹಾಯುವಷ್ಟು ದೂರ ಹೋಗಿತ್ತು. ನಾನು ಕಟ್ಟಿದ ವರ್ಷ, 30 ಟಿಎಂಸಿ ಎಂದೆಲ್ಲ ಹೇಳುತ್ತಿದ್ದೆ. ಅವರು ನಡುವೆಯೇ ತಡೆದು, "ಇವರು ಇಷ್ಟನ್ನು ಇಲ್ಲಿ ಹಿಡಿದಿಟ್ಟರೆ ನಮಗೆ ಮರಳಲ್ಲದೆ ಇನ್ನೇನು ಬರುತ್ತದೆ?" ಎಂದರು. ನಾನು ತೀರ್ಥಯಾತ್ರೆ ಎಂದುಕೊಂಡು ಕರೆದೊಯ್ದಿದ್ದೆ, ಅವರು ತಪಾಸಣೆಗೆ ಬಂದ ಎಂಜಿನಿಯರ್ ಹಾಗೆ ನೋಡುತ್ತಿದ್ದರು. ಮುಂದೆ ಹೊಸದುರ್ಗದ ಕಡೆಯ ತೋಟಗಳನ್ನು ಕಂಡಾಗ ಮಾತ್ರ ಸ್ವಲ್ಪ ಮೆತ್ತಗಾಗಿ, "ಅವರಿಗೂ ಬೇಕಲ್ಲ" ಎಂದರು. ಎರಡು ಕಿಲೋಮೀಟರ್ ಹೋದ ಮೇಲೆ, "ಆದರೂ" ಎಂದರು.

ಅಯ್ಯನಕೆರೆ ಅವರಿಗೆ ಒಪ್ಪಿಗೆಯಾಯಿತು. ತೂಬು ಎಲ್ಲಿದೆ, ಎಷ್ಟು ಎಕರೆಗೆ ನೀರು, ಎರಡು ಬೆಳೆಯೋ ಒಂದೋ ಎಂದು ಅಲ್ಲಿ ದನ ಕಾಯುತ್ತಿದ್ದ ಅವರ ವಯಸ್ಸಿನವರೊಬ್ಬರನ್ನು ಕೂಡಿಸಿಕೊಂಡು ಒಂದು ಗಂಟೆ ಮಾತಾಡಿದರು. ಇಬ್ಬರೂ ಎಲೆಅಡಿಕೆ ಹಾಕಿಕೊಂಡರು. ಕತ್ತಲಾಗುತ್ತದೆ ಎಂದು ನಾನೇ ಎಬ್ಬಿಸಬೇಕಾಯಿತು. ಮರುದಿನ ಸೀತಾಳಯ್ಯನಗಿರಿಯಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸಿ ನಾವು ಮೇಲೆ ಹೋಗಿ ಬಂದೆವು. ವಾಪಸ್ ಬಂದಾಗ ಟೋಪಿಯ ಮೇಲೆಲ್ಲ ಮಂಜಿನ ಹನಿ. "ಇದೇ ಅದು" ಎಂದು ಟೋಪಿ ತೆಗೆದು ತೋರಿಸಿದರು. ನಂತರ ಹಸಿವು ಎಂದರು.

ಕಡೂರಿನ ಮಗಳು:
ಅಯ್ಯನಕೆರೆಯ ಏರಿಯ ಮೇಲಿನ ಆ ಒಂದು ಗಂಟೆಗೆ ನನ್ನ ತವರಿನ ಪರವಾಗಿ ನಮಸ್ಕಾರ.

ಹಳೆಯ ಸ್ಟೇರಿಂಗ್:
ಕಾಲು ನಡುಗಿದ್ದು ಒಳ್ಳೆಯದು. ನಡುಗದವರ ಗಾಡಿಯಲ್ಲಿ ನಾನು ಕೂರುವುದಿಲ್ಲ.

ರಾಯಚೂರು ಬಿಸಿಲು:
ನಾವು ಮುಂದಿನ ಸೋಮವಾರ ಹೊರಡುತ್ತೇವೆ, ಭಾನುವಾರ ರಾತ್ರಿ ಬಳ್ಳಾರಿಯಲ್ಲಿ. ಅಣ್ಣಾ, ಸೀತಾಳಯ್ಯನಗಿರಿಯಲ್ಲಿ ಅವ್ವನಿಗೆ ಕೂರಲು ಕಟ್ಟೆಯೋ ಬೆಂಚೋ ಇದೆಯೇ? ಆ ಮಡಚುವ ಕುರ್ಚಿ ಎಲ್ಲಿ ಕೊಂಡಿರಿ?

ಹಗರಿ ದಂಡೆ:
ಬೆಂಚಿನ ಮೇಲೆ ನಂಬಿಕೆ ಇಡಬೇಡಿ, ಇದ್ದರೂ ಮಂಜಿಗೆ ಒದ್ದೆಯಾಗಿರುತ್ತದೆ. ಕುರ್ಚಿ ಕೊಳ್ಳುವುದೂ ಬೇಡ. ಭಾನುವಾರ ಬಳ್ಳಾರಿಗೆ ಬಂದಾಗ ನಮ್ಮ ಮನೆಗೆ ಊಟಕ್ಕೆ ಬಂದು ಅದನ್ನೇ ತೆಗೆದುಕೊಂಡು ಹೋಗಿ. ಅಪ್ಪನ ಟೋಪಿಯೂ ಇದೆ, ಬೇಕಿದ್ದರೆ.